ಅಮೆರಿಕದ ಮೊದಲ ದಿನಗಳ ಇತಿಹಾಸ: ಹೋಮ್‌ಸ್ಕೂಲ್ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಬಗೆ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ ಹಳೇ ಕೋಟೆ ಇದೆಯಲ್ಲ, ಅದರ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೈನ್ಯ ಇಲ್ಲಿ ಗೋಡೆ ಒಡೆದು ಒಳಗೆ ನುಗ್ಗಿತು ಅಂತ ಅದರಲ್ಲಿ ಬರೆದಿದೆ. ಆ ಸೈನ್ಯವನ್ನು ಕರೆದುಕೊಂಡು ಬಂದವನು ಲಾರ್ಡ್ ಕಾರ್ನ್‌ವಾಲಿಸ್. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟುಕೊಂಡವನೂ ಅವನೇ. ಶಾಲೆಯಲ್ಲಿ ನಾನು ಓದಿದ್ದು ಇಷ್ಟು. ಇದೇ ಮನುಷ್ಯ ಅದಕ್ಕೂ ಹತ್ತು ವರ್ಷ ಮುಂಚೆ, 1781ರ ಅಕ್ಟೋಬರ್ 19ರಂದು, ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಎದುರು ಸೋತು ಶರಣಾಗಿದ್ದ ಅನ್ನೋದು ಗೊತ್ತಾಗಿದ್ದು, ಮಗಳಿಗೆ ಮನೆಯಲ್ಲಿ ಪಾಠ ಹೇಳಲು ಕೂತ ಮೇಲೆ.

ಅಮೆರಿಕದಲ್ಲಿ ಮಕ್ಕಳನ್ನು ಹೋಮ್‌ಸ್ಕೂಲ್ ಮಾಡುವ ಕನ್ನಡದ ಅಪ್ಪ ಅಮ್ಮಂದಿರಿಗೆ ಹೆಚ್ಚು ಅಳುಕು ಇರೋದು ಈ ವಿಷಯದಲ್ಲೇ. ಗಣಿತ ಬರುತ್ತೆ, ವಿಜ್ಞಾನ ಬರುತ್ತೆ. ನಾವೇ ಓದದ ಇತಿಹಾಸವನ್ನು ಹೇಗೆ ಹೇಳಿಕೊಡೋದು? ನಾನು ಮೊದಲ ವರ್ಷ ನಮಗೆ ಗೊತ್ತಿರುವ ದಾರಿಯನ್ನೇ ಹಿಡಿದೆ. ನಲವತ್ತು ಇಸವಿಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದೆ. ಅವಳು ಒಂದೂ ತಪ್ಪದೆ ಒಪ್ಪಿಸಿದಳು. ‘ಸರಿ, ಅವರಿಗೆ ರಾಜ ಯಾಕೆ ಬೇಡವಾದ?’ ಅಂತ ಕೇಳಿದರೆ ಸುಮ್ಮನೆ ನನ್ನ ಮುಖ ನೋಡಿದಳು.

ಅಲ್ಲಿಂದ ಪಾಠದ ರೀತಿಯನ್ನೇ ಬದಲಿಸಿದೆ. ಆ ಕಾಲದವರು ಬರೆದ ಒಂದು ಕಾಗದವನ್ನೋ ಚಿತ್ರವನ್ನೋ ಮೇಜಿನ ಮೇಲೆ ಇಡುವುದು, ಇದನ್ನು ಮಾಡಿದ್ದು ಯಾರು, ಯಾರಿಗಾಗಿ, ಇದರಲ್ಲಿ ಯಾರ ಮಾತು ಇಲ್ಲ ಅಂತ ಇಬ್ಬರೂ ಸೇರಿ ಹುಡುಕುವುದು. ಇದಕ್ಕೆ ನಮಗೆ ಮೊದಲೇ ಎಲ್ಲ ಗೊತ್ತಿರಬೇಕಾಗಿಲ್ಲ. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ವಾದ ಮಾಡೋದು ಅಂದರೆ ತುಂಬ ಇಷ್ಟ. ಆ ಆಸೆಗೆ ಇತಿಹಾಸದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಶುರು ಮಾಡುವ ಮುಂಚೆ

ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್‌ಗೆ ಕಾನೂನಿನ ಒಪ್ಪಿಗೆ ಇದೆ, ಆದರೆ ಕಟ್ಟುಪಾಡು ಒಂದೊಂದು ಕಡೆ ಒಂದೊಂದು ಥರ. ಟೆಕ್ಸಾಸ್‌ನಲ್ಲಿ ವರದಿಗಳ ಕಾಟ ಇಲ್ಲ. ನ್ಯೂಯಾರ್ಕ್‌ನಲ್ಲಿ ವರ್ಷದ ಯೋಜನೆಯನ್ನು ಬರೆದು ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಪೆನ್ಸಿಲ್ವೇನಿಯಾದಲ್ಲಿ ಮಗುವಿನ ಕೆಲಸವನ್ನೆಲ್ಲ ಫೈಲ್ ಮಾಡಿಟ್ಟು ವರ್ಷದ ಕೊನೆಗೆ ಮೌಲ್ಯಮಾಪಕರಿಗೆ ತೋರಿಸಬೇಕು. ನೀವು ಎಲ್ಲೇ ಇರಿ, ಮೊದಲ ದಿನದಿಂದಲೇ ಮಗು ಬರೆದದ್ದಕ್ಕೆಲ್ಲ ತಾರೀಕು ಹಾಕಿ ಒಂದು ಬೈಂಡರ್‌ಗೆ ಸೇರಿಸಿ.

ಸಮಯದ ಲೆಕ್ಕ: 36 ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಮೊದಲ ಐದು ವಾರ ಯುರೋಪಿನವರು ಬರುವ ಮುಂಚಿನ ಅಮೆರಿಕಕ್ಕೆ ಕೊಡಿ. ಆಮೇಲೆ ಎಂಟು ವಾರ ವಸಾಹತುಗಳಿಗೆ, ಅಂದರೆ ಇಂಗ್ಲಿಷರು 1607ರಲ್ಲಿ ವರ್ಜೀನಿಯಾದಲ್ಲಿ ಕಟ್ಟಿದ ಜೇಮ್ಸ್‌ಟೌನ್‌ನಿಂದ ಹದಿಮೂರನೆಯ ವಸಾಹತಾದ ಜಾರ್ಜಿಯಾದವರೆಗೆ. 1754ರಿಂದ 1783ರವರೆಗಿನ, ಸ್ವಾತಂತ್ರ್ಯಕ್ಕೆ ಮುಟ್ಟಿದ ಜಗಳ ಮತ್ತು ಯುದ್ಧಕ್ಕೆ ಹತ್ತು ವಾರ, ಸಂವಿಧಾನಕ್ಕೆ ಏಳು. ಉಳಿದ ಆರು ವಾರಗಳನ್ನು ಖಾಲಿ ಬಿಡಿ. ಜ್ವರ ಬರುತ್ತೆ, ಊರಿಂದ ನೆಂಟರು ಬರ್ತಾರೆ. ಒಂದು ಪಾಠ ಮಗುವಿಗೆ ಹಿಡಿಸಿದರೆ ಎರಡು ವಾರ ಅಲ್ಲೇ ನಿಲ್ಲಬೇಕು ಅನ್ನಿಸುತ್ತೆ. ನಿಲ್ಲಿ.

ಕೊಲಂಬಸ್‌ನಿಂದ ಶುರು ಮಾಡಬೇಡಿ ಅಂತ ಮಾತ್ರ ಒತ್ತಿ ಹೇಳ್ತೀನಿ. ಈಗಿನ ಸೇಂಟ್ ಲೂಯಿಸ್ ಊರಿನ ಎದುರು ದಡದಲ್ಲಿ, ಇಲಿನಾಯ್ ರಾಜ್ಯದಲ್ಲಿ, ಕಹೋಕಿಯಾ ಅನ್ನುವ ನಗರ ಇತ್ತು. ಸುಮಾರು 1050ರಿಂದ 1200ರವರೆಗೆ ಅದು ಹತ್ತಾರು ಸಾವಿರ ಜನರ ದೊಡ್ಡ ಊರು. ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಕಟ್ಟಿದ 30 ಮೀಟರ್ ಎತ್ತರದ ದಿಬ್ಬ ಇವತ್ತಿಗೂ ನಿಂತಿದೆ. ಇದನ್ನು ನೋಡಿದ ಮಗುವಿಗೆ ‘ಯುರೋಪಿನವರು ಖಾಲಿ ನೆಲಕ್ಕೆ ಬಂದರು’ ಅನ್ನುವ ಮಾತು ಮುಂದೆ ಎಲ್ಲಿ ಸಿಕ್ಕರೂ ತಪ್ಪು ಅಂತ ತಾನಾಗಿ ಗೊತ್ತಾಗುತ್ತೆ.

ಗೋಡೆಗೆ ಒಂದು ಕಾಗದದ ಪಟ್ಟಿ

ಮೂರು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದದ ಕಾಗದದ ಪಟ್ಟಿ ತಗೊಳ್ಳಿ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. 1492ರಿಂದ 1803ರವರೆಗೆ 311 ಸೆಂಟಿಮೀಟರ್ ಆಗುತ್ತೆ. ಅಳತೆಯನ್ನು ಮಗುವೇ ಮಾಡಲಿ.

ಜೇಮ್ಸ್‌ಟೌನ್‌ನಿಂದ 1776ರ ಸ್ವಾತಂತ್ರ್ಯ ಘೋಷಣೆಗೆ 169 ಸೆಂಟಿಮೀಟರ್. ಒಬ್ಬ ದೊಡ್ಡವರ ಎತ್ತರ. ಸ್ವಾತಂತ್ರ್ಯ ಘೋಷಣೆಯಿಂದ ಸಂವಿಧಾನಕ್ಕೆ ಬರೀ 11 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಪುಸ್ತಕದಲ್ಲಿ ಈ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮ ಪುಟ ಇರುತ್ತೆ. ಆದ್ದರಿಂದ ಬ್ರಿಟಿಷ್ ಪ್ರಜೆಗಳಾಗಿ ಇವರು ಎಷ್ಟು ತಲೆಮಾರು ಬದುಕಿದರು ಅನ್ನೋದು ಮಕ್ಕಳಿಗೆ ಅಂದಾಜಾಗೋದೇ ಇಲ್ಲ. ಗೋಡೆ ನೋಡಿದರೆ ಆಗುತ್ತೆ.

ಇನ್ನೊಂದು ಗೆರೆ ಕಪ್ಪು ಬಣ್ಣದಲ್ಲಿ ಎಳೆಸಿ. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ನಲ್ಲಿ ಇಳಿಸಿ ಮಾರಿದರು. 1865ರಲ್ಲಿ ಗುಲಾಮಗಿರಿ ರದ್ದಾಯಿತು. 246 ಸೆಂಟಿಮೀಟರ್. ಕಾಗದ ಮುಗಿದು ಗೆರೆ ಪಕ್ಕದ ಗೋಡೆಗೆ ಹೋಗುತ್ತೆ, ಅದಕ್ಕೆ ಬೇರೆ ತುಂಡು ಅಂಟಿಸಬೇಕಾಗುತ್ತೆ. ರದ್ದಾದ ಮೇಲೆ ಇವತ್ತಿನವರೆಗಿನ ಕಾಲ ಇನ್ನೂ ಅಷ್ಟು ಉದ್ದ ಆಗಿಲ್ಲ. ನನ್ನ ಮಗಳು ಟೇಪು ಹಿಡಿದು ಎರಡು ಸಲ ಅಳೆದಳು, ತಪ್ಪಾಗಿರಬೇಕು ಅಂತ.

ಕೆಳಗೆ ನಮ್ಮ ಕಡೆಯದೊಂದು ಸಾಲು ಇರಲಿ. 1565 ತಾಳಿಕೋಟೆ ಯುದ್ಧ. 1600 ಈಸ್ಟ್ ಇಂಡಿಯಾ ಕಂಪನಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದು ಅಲ್ಲಿ ದಸರಾ ಶುರು ಮಾಡಿದರು, ಜೇಮ್ಸ್‌ಟೌನ್‌ಗೆ ಆಗ ಮೂರು ವರ್ಷ. 1757 ಪ್ಲಾಸಿ, 1799 ಟಿಪ್ಪುವಿನ ಸಾವು. ಅಮೆರಿಕದ ಪಾಠಕ್ಕೆ ಇದು ಯಾಕೆ ಬೇಕು ಅನ್ನೋದು ಟೀ ಪಾಠಕ್ಕೆ ಬಂದಾಗ ಗೊತ್ತಾಗುತ್ತೆ.

ಚಿತ್ರ ಒಂದು, ಪ್ರಶ್ನೆ ಹತ್ತು

ಈ ರೀತಿಯ ಪಾಠವನ್ನು ನೀವು ಒಂದೇ ಒಂದು ಸಲ ಮಾಡಿ ನೋಡುವುದಾದರೆ ಬಾಸ್ಟನ್ ಹತ್ಯಾಕಾಂಡದಿಂದ ಶುರು ಮಾಡಿ. 1770ರ ಮಾರ್ಚ್ 5ರ ರಾತ್ರಿ ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿ ಐದು ಜನ ಸತ್ತರು. ಕೆಲವೇ ವಾರದಲ್ಲಿ ಪಾಲ್ ರಿವಿಯರ್ ಇದರ ಒಂದು ಚಿತ್ರ ಅಚ್ಚು ಹಾಕಿ ಮಾರಿದ. ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತೆ. ದೊಡ್ಡದಾಗಿ ಪ್ರಿಂಟ್ ತೆಗೆಯಿರಿ.

ಏನೂ ಹೇಳಬೇಡಿ. ಮೂರು ನಿಮಿಷ ಸುಮ್ನೆ ನೋಡಲಿ. ಆಮೇಲೆ ಏನು ಕಾಣಿಸ್ತು ಅಂತ ಪಟ್ಟಿ ಬರೆಸಿ. ಸೈನಿಕರು ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಂತಿದ್ದಾರೆ. ಹಿಂದೆ ನಾಯಕ ಕತ್ತಿ ಎತ್ತಿ ಹಿಡಿದಿದ್ದಾನೆ. ಎದುರಿನ ಜನರ ಕೈಯಲ್ಲಿ ಏನೂ ಇಲ್ಲ. ಮೇಲಿನ ಕಟ್ಟಡಕ್ಕೆ ‘ಕಟುಕರ ಮನೆ’ ಅಂತ ಬೋರ್ಡು. ಒಂದು ನಾಯಿ ಕೂಡ ಇದೆ, ಮಕ್ಕಳು ಅದನ್ನೇ ಮೊದಲು ನೋಡ್ತಾರೆ.

ಮರುದಿನದ ಪಾಠದಲ್ಲಿ, ಆ ನಾಯಕ ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಕೊಟ್ಟ ಹೇಳಿಕೆಯಿಂದ ಒಂದು ಪ್ಯಾರಾ ಓದಿಸಿ. ಜನ ದೊಣ್ಣೆ ಹಿಡಿದು ಬಂದರು, ಹಿಮದ ಉಂಡೆ ಎಸೆದರು, ನಾನು ಗುಂಡು ಹಾರಿಸಿ ಅನ್ನಲೇ ಇಲ್ಲ ಅಂತ ಅವನ ವಾದ. ಈಗ ಚಿತ್ರವನ್ನು ಮತ್ತೆ ಎತ್ತಿಕೊಳ್ಳಲಿ. ಆ ರಾತ್ರಿ ನೆಲದ ಮೇಲೆ ಹಿಮ ಇತ್ತು, ಚಿತ್ರದಲ್ಲಿ ಯಾಕಿಲ್ಲ? ಸತ್ತವರಲ್ಲಿ ಕ್ರಿಸ್ಪಸ್ ಅಟಕ್ಸ್ ಅನ್ನುವವನು ಆಫ್ರಿಕನ್ ಮತ್ತು ಮೂಲನಿವಾಸಿ ವಂಶದವನು, ಚಿತ್ರದಲ್ಲಿ ಅವನು ಎಲ್ಲಿ? ರಿವಿಯರ್ ಬ್ರಿಟಿಷ್ ಆಡಳಿತವನ್ನು ವಿರೋಧಿಸುತ್ತಿದ್ದವನು. ಹಾಗಂತ ಅವನು ಹೇಳಿದ್ದೆಲ್ಲ ಸುಳ್ಳಾ? ಪ್ರೆಸ್ಟನ್ ಜೈಲಿನಲ್ಲಿದ್ದವನು, ಹಾಗಂತ ಅವನ ಮಾತೆಲ್ಲ ನಿಜವಾ?

ಕೊನೆಗೆ ತೀರ್ಪು ಹೇಳಿ. ಪ್ರೆಸ್ಟನ್ ಮತ್ತು ಅವನ ಸೈನಿಕರ ಮೇಲೆ ಕೇಸು ನಡೆದಾಗ ಅವರ ಪರ ವಕಾಲತ್ತು ಮಾಡಿದವರಲ್ಲಿ ಮುಂದೆ ಅಧ್ಯಕ್ಷನಾದ ಜಾನ್ ಆಡಮ್ಸ್ ಇದ್ದ. ಪ್ರೆಸ್ಟನ್ ಬಿಡುಗಡೆಯಾದ. ಎಂಟು ಸೈನಿಕರಲ್ಲಿ ಆರು ಜನ ಬಿಡುಗಡೆಯಾದರು, ಇಬ್ಬರ ಹೆಬ್ಬೆರಳಿಗೆ ಬರೆ ಹಾಕಿ ಕಳಿಸಿದರು. ಇಲ್ಲಿ ಮಗುವಿಗೆ ಸಿಟ್ಟು ಬರಬಹುದು. ಬರಲಿ. ಯಾಕೆ ಸಿಟ್ಟು ಅಂತ ಅರ್ಧ ಪುಟ ಬರೆಸಿ, ಚಿತ್ರದಿಂದ ಒಂದು ಸಾಕ್ಷಿ, ಹೇಳಿಕೆಯಿಂದ ಒಂದು ಸಾಕ್ಷಿ ಕಡ್ಡಾಯ.

ಇದೇ ಕ್ರಮವನ್ನು 1621ರ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೂ ಬಳಸಬಹುದು. ಆ ಊಟದಲ್ಲಿದ್ದ ಇಂಗ್ಲಿಷ್ ವಲಸಿಗ ಎಡ್ವರ್ಡ್ ವಿನ್ಸ್ಲೋ ಊರಿಗೆ ಬರೆದ ಕಾಗದದಲ್ಲಿ ಕೆಲವೇ ಸಾಲು ಇದೆ: ಮೂರು ದಿನ, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನಾಂಗದ ಸುಮಾರು ತೊಂಬತ್ತು ಗಂಡಸರು, ಅವರು ಬೇಟೆಯಾಡಿ ತಂದ ಐದು ಜಿಂಕೆ. ಅಂಗಡಿಯಲ್ಲಿ ನೋಡುವ ಚಿತ್ರಗಳಿಗೂ ಈ ಸಾಲುಗಳಿಗೂ ಎಷ್ಟು ದೂರ ಅಂತ ಮಗುವೇ ಹೇಳಲಿ. ಅದಕ್ಕೆ ಅದೇ ಸೀಮೆಯ ಮೂಲನಿವಾಸಿ ಟಿಸ್ಕ್ವಾಂಟಮ್‌ನ ಕಥೆ ಸೇರಿಸಿ. 1614ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನವನು ಅವನನ್ನು ಹಿಡಿದು ಸ್ಪೇನ್‌ನಲ್ಲಿ ಮಾರಿದ. ಹೇಗೋ ತಪ್ಪಿಸಿಕೊಂಡು 1619ರಲ್ಲಿ ಊರಿಗೆ ಬಂದರೆ ಊರಿಗೆ ಊರೇ ರೋಗದಲ್ಲಿ ಸತ್ತಿತ್ತು. ಮರುವರ್ಷ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನ ಜನ ಬಂದು ಮನೆ ಕಟ್ಟಿದ್ದು ಆ ಖಾಲಿ ಊರಿನ ಜಾಗದಲ್ಲೇ. ಅವರಿಗೆ ಮೆಕ್ಕೆಜೋಳ ಬಿತ್ತೋದು ಹೇಳಿಕೊಟ್ಟವನು ಇವನು. ನಮ್ಮ ಮನೆಯಲ್ಲಿ ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕಷ್ಟದ ಪಾಠವನ್ನು ಬಿಡಬೇಡಿ

‘ಇಷ್ಟು ಚಿಕ್ಕ ಮಕ್ಕಳಿಗೆ ಗುಲಾಮಗಿರಿ ಬಗ್ಗೆ ಯಾಕೆ?’ ಅಂತ ಕೆಲವರು ಕೇಳ್ತಾರೆ. ಹನ್ನೆರಡು ವರ್ಷದ ಮಗುವಿಗೆ ಅನ್ಯಾಯ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುತ್ತೆ. ಕ್ರೌರ್ಯದ ವಿವರಗಳನ್ನು ಗುಡ್ಡೆ ಹಾಕಬೇಕಿಲ್ಲ. ಒಬ್ಬ ಮನುಷ್ಯನನ್ನು ಹತ್ತಿರದಿಂದ ತೋರಿಸಿದರೆ ಸಾಕು.

ನಾನು ಆರಿಸಿಕೊಂಡದ್ದು ಸ್ಯಾಂಡಿಯನ್ನು. 1769ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾ ಗೆಜೆಟ್ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಬಂತು. ಸ್ಯಾಂಡಿ ಅನ್ನುವ ಗುಲಾಮ ಓಡಿಹೋಗಿದ್ದಾನೆ, ಸುಮಾರು 35 ವರ್ಷ, ಕುಳ್ಳ, ಚಪ್ಪಲಿ ಹೊಲಿಯುವವನು, ಎಡಗೈ ಬಳಸ್ತಾನೆ, ಮರಗೆಲಸವೂ ಸ್ವಲ್ಪ ಬರುತ್ತೆ, ಕುದುರೆ ಸವಾರಿ ಗೊತ್ತು, ಕುಡಿದರೆ ಉದ್ಧಟ, ಬಿಳಿ ಕುದುರೆ ಮತ್ತು ತನ್ನ ಹತಾರಗಳ ಜೊತೆ ಹೋಗಿದ್ದಾನೆ, ಹಿಡಿದುಕೊಟ್ಟವರಿಗೆ ಬಹುಮಾನ. ಕೆಳಗಿನ ಹೆಸರನ್ನು ಮೊದಲು ಕೈಯಿಂದ ಮುಚ್ಚಿಡಿ.

ಮಗುವಿಗೆ ಎರಡು ಬಣ್ಣದ ಪೆನ್ಸಿಲ್ ಕೊಡಿ. ಒಡೆಯನ ಅಭಿಪ್ರಾಯ ಇರುವಲ್ಲಿ ಕೆಂಪು, ಸ್ಯಾಂಡಿಯ ಬಗ್ಗೆ ನಿಜವಾಗಿ ತಿಳಿಯುವ ಕಡೆ ಹಸಿರು. ‘ಉದ್ಧಟ’ ಕೆಂಪು. ಚಪ್ಪಲಿ ಹೊಲಿಯುವವನು, ಎಡಗೈಯವನು, ಸವಾರ, ಇವೆಲ್ಲ ಹಸಿರು. ಅವನು ಹತಾರಗಳನ್ನು ಯಾಕೆ ತಗೊಂಡು ಹೋದ ಅಂತ ಕೇಳಿ. ‘ಬೇರೆ ಕಡೆ ದುಡಿದು ತಿನ್ನೋಕೆ’ ಅಂದಳು ನನ್ನ ಮಗಳು. ಅವನನ್ನು ಕಳಕೊಂಡವನು ಅವನಿಗಾಗಿ ಬರೆಸಿದ ಜಾಹೀರಾತಿನೊಳಗೇ ಒಬ್ಬ ಕಸುಬುದಾರ ತನ್ನ ಬದುಕು ಕಟ್ಟಿಕೊಳ್ಳಲು ಹೊರಟಿದ್ದು ಕಾಣುತ್ತೆ.

ಈಗ ಕೈ ತೆಗೆಯಿರಿ. ಕೆಳಗಿರುವ ಹೆಸರು ಥಾಮಸ್ ಜೆಫರ್ಸನ್. ಆಗ ಅವನಿಗೆ 26 ವರ್ಷ. ಏಳು ವರ್ಷ ಕಳೆದು ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಅಂತ ಬರೆದವನು ಅವನೇ. ಸ್ಯಾಂಡಿ ಸಿಕ್ಕಿಬಿದ್ದ, 1773ರಲ್ಲಿ ಜೆಫರ್ಸನ್ ಅವನನ್ನು 100 ಪೌಂಡಿಗೆ ಮಾರಿದ. ಆ ಘೋಷಣೆಯ ಕರಡಿನಲ್ಲಿ ಗುಲಾಮ ವ್ಯಾಪಾರವನ್ನು ಖಂಡಿಸುವ ಒಂದು ಪ್ಯಾರಾವನ್ನು ಜೆಫರ್ಸನ್ ಬರೆದಿದ್ದ, ವಸಾಹತುಗಳ ಪ್ರತಿನಿಧಿಗಳು ಸೇರಿದ್ದ ಕಾಂಗ್ರೆಸ್ ಎಂಬ ಸಭೆ ಅದನ್ನು ತೆಗೆದುಹಾಕಿತು. ಹಾಗಾದರೆ ಅವನು ಒಳ್ಳೆಯವನಾ ಕೆಟ್ಟವನಾ ಅಂತ ಮಗು ಕೇಳೇ ಕೇಳುತ್ತೆ. ಉತ್ತರ ಕೊಡಲು ಅವಸರ ಮಾಡಬೇಡಿ. ಆ ಮಾತನ್ನು ಆಮೇಲೆ ಯಾರು ಯಾರು ತಮ್ಮ ಬಿಡುಗಡೆಗೆ ಬಳಸಿಕೊಂಡರು ಅಂತ ಒಂದು ಪಟ್ಟಿ ಶುರು ಮಾಡಿಸಿ. ಅದು ವರ್ಷವಿಡೀ ಬೆಳೆಯುತ್ತೆ.

ಟೀ ಪೆಟ್ಟಿಗೆಯ ಲೆಕ್ಕ

1773ರ ಡಿಸೆಂಬರ್ 16ರ ರಾತ್ರಿ ಬ್ರಿಟಿಷರ ಟೀ ತೆರಿಗೆಯನ್ನು ವಿರೋಧಿಸಿದ ಜನ ಬಾಸ್ಟನ್ ಬಂದರಿನಲ್ಲಿ ಮೂರು ಹಡಗುಗಳಿಂದ 342 ಪೆಟ್ಟಿಗೆ ಟೀಯನ್ನು ನೀರಿಗೆ ಸುರಿದರು. ಇದನ್ನು ಗಣಿತದ ಜೊತೆ ಸೇರಿಸಿ. ಟೀ ತೂಕ ಸುಮಾರು 92,000 ಪೌಂಡ್. ಒಂದು ಪೌಂಡ್ ತೂಕಕ್ಕೆ ಮೂರು ಪೆನ್ಸ್ ತೆರಿಗೆ. ಆ ಕಾಲದ ಒಂದು ಪೌಂಡ್ ಹಣಕ್ಕೆ 240 ಪೆನ್ಸ್. ತೆರಿಗೆ ಎಷ್ಟಾಯಿತು? 1,150 ಪೌಂಡ್. ಹಾಳಾದ ಟೀ ಬೆಲೆ ಈಸ್ಟ್ ಇಂಡಿಯಾ ಕಂಪನಿ ಲೆಕ್ಕದಲ್ಲಿ 9,659 ಪೌಂಡ್.

ಆ ವರ್ಷದ ಕಾಯ್ದೆಯಿಂದ ಟೀ ಅಗ್ಗವಾಗಿತ್ತು ಅಂತ ಹೇಳಿ ಸುಮ್ಮನಾಗಿ. ‘ಅಗ್ಗ ಆದ್ರೆ ಸಿಟ್ಟು ಯಾಕೆ?’ ಅನ್ನುವ ಪ್ರಶ್ನೆ ಅಲ್ಲಿಂದಲೇ ಬರಬೇಕು. ಕಂಪನಿ ನೇರವಾಗಿ ಮಾರಿದರೆ ಊರಿನ ವ್ಯಾಪಾರಿಗಳು ಮುಳುಗ್ತಾರೆ. ಅಗ್ಗದ ಟೀ ಕುಡಿದರೆ, ತಮ್ಮ ಪ್ರತಿನಿಧಿಯೇ ಇಲ್ಲದ ಪಾರ್ಲಿಮೆಂಟಿಗೆ ತೆರಿಗೆ ಹಾಕುವ ಹಕ್ಕಿದೆ ಅಂತ ಒಪ್ಪಿದಂತಾಗುತ್ತೆ. ಟೀ ಬಂದದ್ದು ಚೀನಾದಿಂದ, ಆದರೆ ಕಂಪನಿ ಸಾಲದಲ್ಲಿ ಮುಳುಗಿದ್ದಕ್ಕೆ ಒಂದು ಕಾರಣ ಬಂಗಾಳ. 1770ರ ಕ್ಷಾಮದಲ್ಲಿ ಅಲ್ಲಿ ಲಕ್ಷಾಂತರ ಜನ ಸತ್ತರು, ಕಂಪನಿಯ ಆದಾಯದ ಲೆಕ್ಕಾಚಾರವೂ ಕುಸಿಯಿತು. ಗೋಡೆಯ ಮೇಲಿನ ಎರಡು ಸಾಲು ಇಲ್ಲಿ ಕೂಡುತ್ತವೆ.

ಇನ್ನೊಮ್ಮೆ ಅವು ಕೂಡುವುದು 1782ರಲ್ಲಿ. ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಕಾದಾಡಲು ಸಜ್ಜು ಮಾಡಿದ ಒಂದು ಹಡಗಿನ ಹೆಸರು ‘ಹೈದರ್ ಅಲಿ’. ಅದೇ ಹೊತ್ತಿಗೆ ಮೈಸೂರಿನ ಹೈದರ್ ಅಲಿ ಬ್ರಿಟಿಷರ ಜೊತೆ ಯುದ್ಧದಲ್ಲಿದ್ದ. ಏಪ್ರಿಲ್ 8ರಂದು 22 ವರ್ಷದ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ‘ಜನರಲ್ ಮಂಕ್’ ಅನ್ನುವ ಬ್ರಿಟಿಷ್ ಹಡಗನ್ನು ಹಿಡಿಯಿತು. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಈ ಕಥೆಯನ್ನು ಖಂಡಿತ ಹೇಳಿ.

ಸಂವಿಧಾನವನ್ನು ಆಡಿಸಿ

1787ರ ಬೇಸಿಗೆ, ಫಿಲಡೆಲ್ಫಿಯಾ. ಸಂವಿಧಾನ ಬರೆಯಲು ರಾಜ್ಯಗಳಿಂದ ಬಂದ ಪ್ರತಿನಿಧಿಗಳು 55 ಜನ, ಕೊನೆಗೆ ಸಹಿ ಹಾಕಿದವರು 39. ರೋಡ್ ಐಲ್ಯಾಂಡ್ ಯಾರನ್ನೂ ಕಳಿಸಲೇ ಇಲ್ಲ. ಓದಿಸುವುದಕ್ಕಿಂತ ಇದನ್ನು ಆಡಿಸುವುದು ಸುಲಭ. ನಾಲ್ಕಾರು ಹೋಮ್‌ಸ್ಕೂಲ್ ಮಕ್ಕಳನ್ನು ಸೇರಿಸಿ ಒಬ್ಬೊಬ್ಬರಿಗೆ ಒಂದು ರಾಜ್ಯದ ಚೀಟಿ ಕೊಡಿ. 1790ರ ಜನಗಣತಿಯಲ್ಲಿ ವರ್ಜೀನಿಯಾದಲ್ಲಿ ಸುಮಾರು 7 ಲಕ್ಷ 47 ಸಾವಿರ ಜನ, ಡೆಲವೇರ್‌ನಲ್ಲಿ 59 ಸಾವಿರ. ಇಬ್ಬರಿಗೂ ಒಂದೇ ವೋಟಾ? ಅರ್ಧ ಗಂಟೆ ಜಗಳ ಆಡಲಿ. ಎಲ್ಲ ರಾಜ್ಯಕ್ಕೂ ಸಮ ಸೀಟಿನ ಸೆನೆಟ್ ಮತ್ತು ಜನಸಂಖ್ಯೆಗೆ ತಕ್ಕ ಸೀಟಿನ ಪ್ರತಿನಿಧಿ ಸಭೆ ಎಂಬ ಎರಡು ಮನೆಯ ಉಪಾಯಕ್ಕೆ ಹತ್ತಿರ ಅವರೇ ಬರ್ತಾರೆ.

ಆಮೇಲೆ ಇನ್ನೊಂದು ಚೀಟಿ ಕೊಡಿ: ಆ 7 ಲಕ್ಷ 47 ಸಾವಿರದಲ್ಲಿ 2 ಲಕ್ಷ 92 ಸಾವಿರ ಜನ ಗುಲಾಮರು. ಅವರಿಗೆ ವೋಟಿಲ್ಲ, ಆದರೆ ರಾಜ್ಯದ ಸೀಟು ಲೆಕ್ಕ ಹಾಕುವಾಗ ಐದು ಜನರನ್ನು ಮೂರು ಅಂತ ಎಣಿಸ್ತಾರೆ. ಇದರಿಂದ ಲಾಭ ಯಾರಿಗೆ? ಭಿನ್ನರಾಶಿ ಗೊತ್ತಿರುವ ಮಕ್ಕಳು ಅದನ್ನು ತಾವೇ ಲೆಕ್ಕ ಹಾಕಿ ಹೇಳ್ತಾರೆ.

ಮುನ್ನುಡಿಯ ಮೊದಲ ಮಾತನ್ನು ಭಾರತದ ಸಂವಿಧಾನದ ಪಕ್ಕ ಇಟ್ಟು ಓದಿಸಿ. ಎರಡೂ ಶುರುವಾಗುವುದು ‘ಜನರಾದ ನಾವು’ ಅಂತಲೇ. ಆ ‘ನಾವು’ ಅಲ್ಲಿ ಯಾರು, ಇಲ್ಲಿ ಯಾರು ಅಂತ ಒಂದು ಪುಟ ಬರೆಯೋದು ವರ್ಷದ ಕೊನೆಯ ಕೆಲಸವಾಗಲಿ.

ಪ್ರವಾಸ

ಹೋಗಲು ಆದರೆ ಹೋಗಿ. ವರ್ಜೀನಿಯಾದಲ್ಲಿ ಒಂದು ಗೊಂದಲ ಆಗುತ್ತೆ, ಜೇಮ್ಸ್‌ಟೌನ್ ಹೆಸರಿನಲ್ಲಿ ಎರಡು ಜಾಗ ಇವೆ. ಹಿಸ್ಟಾರಿಕ್ ಜೇಮ್ಸ್‌ಟೌನ್ ನಿಜವಾದ ಕೋಟೆ ಇದ್ದ ನೆಲ, ಅಲ್ಲಿ ಅಗೆತ ನಡೆಯುತ್ತೆ. ಜೇಮ್ಸ್‌ಟೌನ್ ಸೆಟ್ಲ್‌ಮೆಂಟ್ ಮರುಸೃಷ್ಟಿಸಿದ ಹಳ್ಳಿ, ಹಡಗು ಹತ್ತಿ ನೋಡಬಹುದು. ಟಿಕೆಟ್ ಬೇರೆ ಬೇರೆ. ಒಂದೇ ದಿನ ಇದ್ದರೆ ಈ ವಯಸ್ಸಿನವರಿಗೆ ಮೊದಲನೆಯದು ಒಳ್ಳೆಯದು, ಮಣ್ಣಿನಿಂದ ಸಾಕ್ಷಿ ತೆಗೆಯೋದನ್ನು ಕಣ್ಣಾರೆ ನೋಡ್ತಾರೆ. ಯಾರ್ಕ್‌ಟೌನ್ ಅಲ್ಲಿಂದ ಸ್ವಲ್ಪವೇ ದೂರ. ಆಗದಿದ್ದರೆ ಬೇಸರ ಬೇಡ, ಹಳೆಯ ದಾಖಲೆಗಳನ್ನು ಇಟ್ಟಿರುವ ನ್ಯಾಷನಲ್ ಆರ್ಕೈವ್ಸ್ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದ ಮೂಲಕ ಮನೆಗೇ ಬರುತ್ತವೆ.

ಕಲಿತರೋ ಇಲ್ಲವೋ ನೋಡೋದು ಹೇಗೆ

ನಾನು ಬಹುಆಯ್ಕೆ ಪ್ರಶ್ನೆಪತ್ರಿಕೆ ಬಿಟ್ಟುಬಿಟ್ಟೆ. ತಿಂಗಳಿಗೊಮ್ಮೆ ಒಂದು ಪುಟದ ಬರಹ ಸಾಕು: ನನ್ನ ಅಭಿಪ್ರಾಯ ಇದು, ಸಾಕ್ಷಿ ಇವು, ಇದಕ್ಕೆ ಒಪ್ಪದವರು ಏನು ಹೇಳಬಹುದು.

ಅದಕ್ಕಿಂತ ಒಳ್ಳೆಯ ಪರೀಕ್ಷೆ ಭಾನುವಾರದ ವಿಡಿಯೋ ಕಾಲ್. ಆ ವಾರದ ಪಾಠವನ್ನು ಮಗು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಪುಸ್ತಕದ ಇಂಗ್ಲಿಷ್ ಸಾಲುಗಳು ಅಲ್ಲಿ ನಡೆಯೋದಿಲ್ಲ, ಅರ್ಥವಾಗಿದ್ದರೆ ಮಾತ್ರ ಕನ್ನಡಕ್ಕೆ ಬರುತ್ತೆ. ಜೊತೆಗೆ ಅಜ್ಜಿಗೆ ಈ ಕಥೆ ಗೊತ್ತಿಲ್ಲ, ಅವರ ಪ್ರಶ್ನೆ ನಿಜವಾದ ಪ್ರಶ್ನೆ. ಟೀ ಕಥೆ ಕೇಳಿದ ನಮ್ಮ ಅತ್ತೆ, ‘ಅಷ್ಟು ಟೀಪುಡಿ ನೀರಿಗೆ ಹಾಕಿದ್ರಾ? ಎಷ್ಟು ದುಡ್ಡು ಹಾಳಾಯ್ತು?’ ಅಂದರು. ಮಗಳು ತನ್ನ ಲೆಕ್ಕ ಹೇಳಿದಳು. ‘ಆ ದುಡ್ಡು ಆಮೇಲೆ ಯಾರು ಕಟ್ಟಿಕೊಟ್ಟರು?’ ಅಂತ ಅವರು ಮತ್ತೆ ಕೇಳಿದರು. ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸೋಮವಾರ ಹುಡುಕಿದೆವು: ದುಡ್ಡು ಕಟ್ಟುವ ತನಕ ಬಂದರು ತೆರೆಯೋದಿಲ್ಲ ಅಂತ 1774ರ ಜೂನ್ 1ರಿಂದ ಪಾರ್ಲಿಮೆಂಟ್ ಬಾಸ್ಟನ್ ಬಂದರನ್ನೇ ಮುಚ್ಚಿಸಿತ್ತು. ಆ ವಾರದ ಪಾಠ ಅಜ್ಜಿಯ ಪ್ರಶ್ನೆಯಿಂದಲೇ ಶುರುವಾಯಿತು.